ಎರಡನೆಯ ಗುಂಡು

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವ ದಿನ ನಾನು ಮನೆಯಲ್ಲಿ ಯಾರ ಜೊತೆಯೂ ಹೆಚ್ಚು ಮಾತಾಡುವುದಿಲ್ಲ. ಗಂಡನಿಗೆ ಇದು ಗೊತ್ತು, ಆ ದಿನ ಅವನು ಚಹಾ ಕೂಡ ತಾನೇ ಮಾಡಿಕೊಳ್ಳುತ್ತಾನೆ. ಸಣ್ಣ ಬಾಟಲಿಯ ಮೂತಿ ಕತ್ತರಿಸಿದೊಡನೆ ಏಳುವ ಆ ತೆಳು ವಾಸನೆ ಬೇರೆಯವರಿಗೆ ದರ್ಜಿ ಅಂಗಡಿಯದು. ನನಗೆ ಅದು ಅಪ್ಪನ ಕೋವಿಯ ವಾಸನೆ. ಮೂತಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗುಂಡು ಹಾಕಿ, ಗಜವೆಂಬ ಉದ್ದ ಸಲಾಕೆಯಿಂದ ಜಡಿದು, ಹಿಂದೆ ಕಿಡಿ ಹಾರಿಸುವ ಒಂದು ತಾಮ್ರದ ಕೇಪು ಸಿಕ್ಕಿಸಿ ಹೊಡೆಯುವ ಹಳೆಯ ಕೇಪಿನ ಕೋವಿ ಅದು. ಅಪ್ಪ ಅದಕ್ಕೆ ಹಾಕುತ್ತಿದ್ದದ್ದು ಅಮ್ಮನ ಹೊಲಿಗೆ ಯಂತ್ರದ ಎಣ್ಣೆಯನ್ನೇ. ಆದರೆ ಈಗ ಆ ವಾಸನೆ ನನ್ನನ್ನು ಮೊದಲು ಕೊಡಗಿಗೆ ಕರೆದೊಯ್ಯುವುದಿಲ್ಲ. ಅಬುಧಾಬಿಯ ಒಂದು ತಣ್ಣನೆಯ ಪ್ರದರ್ಶನ ಮಂದಿರಕ್ಕೆ ಕರೆದೊಯ್ದು, ಅಲ್ಲಿ ನಾನು ತಲೆ ತಗ್ಗಿಸಿ ನಿಂತ ಜಾಗದಲ್ಲೇ ಮತ್ತೆ ನಿಲ್ಲಿಸುತ್ತದೆ.

ಅದು ಎರಡು ಸಾವಿರದ ಹದಿನೈದು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ವಿಲ್ಲಾದ ಮೇಲಿನ ಅರ್ಧ ನಮ್ಮದು. ಕೆಳಗಿನ ಅರ್ಧದಲ್ಲಿ ಉಡುಪಿ ಕಡೆಯ ಲವಿನಾ ಇದ್ದಳು, ಆಸ್ಪತ್ರೆಯಲ್ಲಿ ನರ್ಸ್. ನನ್ನ ಗಂಡ ಮುತ್ತಣ್ಣ ಮುಸಫ್ಫಾದ ಒಂದು ಕಟ್ಟಡ ಕಂಪನಿಯಲ್ಲಿ ಬಸ್ಸು, ಲಾರಿಗಳ ಮೇಲ್ವಿಚಾರಕ. ಮಗಳು ಪೂರ್ವಿ ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೆಯ ತರಗತಿ. ಆ ವರ್ಷ ತೈಲದ ಬೆಲೆ ಬಿದ್ದು, ಅದರ ಮೇಲೆ ಕೂತವರೆಲ್ಲ ಒಬ್ಬೊಬ್ಬರಾಗಿ ಬೀಳುತ್ತಿದ್ದರು. ಗುರುವಾರ ಸಂಜೆ ಬಂತೆಂದರೆ ಯಾರಾದರೊಬ್ಬರ ಹೆಸರಿನ ಮುಂದೆ ಖಲಾಸ್. ಮುತ್ತಣ್ಣನ ಕರಾರು ಅಕ್ಟೋಬರಿಗೆ ಮುಗಿಯುವುದಿತ್ತು. ಅದನ್ನು ಮುಂದುವರಿಸದಿದ್ದರೆ ವೀಸಾ ಹೋಗುತ್ತದೆ, ತಿಂಗಳೊಳಗೆ ಗಂಟುಮೂಟೆ ಕಟ್ಟಬೇಕು. ಪೂರ್ವಿಯ ಬೋರ್ಡ್ ಪರೀಕ್ಷೆ ಇದ್ದದ್ದು ಮಾರ್ಚಿನಲ್ಲಿ. ನಡು ವರ್ಷದಲ್ಲಿ ಹನ್ನೆರಡನೆಯ ತರಗತಿಯ ಮಗುವನ್ನು ಊರಿನ ಯಾವ ಶಾಲೆಯೂ ಸೇರಿಸಿಕೊಳ್ಳುವುದಿಲ್ಲ. ಒಂದು ವರ್ಷ ಮಣ್ಣು. ಆ ಬೇಸಿಗೆ ಪೂರ್ತಿ ನಾನು ಅಡುಗೆ ಮಾಡುತ್ತಿದ್ದರೂ, ಬಟ್ಟೆ ಒಣಗಿಸುತ್ತಿದ್ದರೂ ತಲೆಯೊಳಗೆ ಇದ್ದದ್ದು ಅದೊಂದೇ ಲೆಕ್ಕ.

ಕಂಪನಿಯ ಧಣಿ ವಯಸ್ಸಾದ ಎಮಿರಾತಿ. ಕೆಲಸದವರೆಲ್ಲ ಅವರನ್ನು ಅರ್ಬಾಬ್ ಎನ್ನುತ್ತಿದ್ದರು, ನಮಗೂ ಅವರು ಅರ್ಬಾಬೇ. ಹಳೆಯ ಕಾಲದವರು, ಹಿಂದಿ ಚೆನ್ನಾಗಿ ಆಡುತ್ತಿದ್ದರು. ಅವರನ್ನು ಅಮೆರಿಕದಲ್ಲಿದ್ದ ಗೆಳೆಯನೊಬ್ಬ ಡಿಸೆಂಬರಿನಲ್ಲಿ ಜಿಂಕೆ ಬೇಟೆಗೆ ಕರೆದಿದ್ದ. ಆ ಕಡೆ ವರ್ಷದಲ್ಲಿ ಕೆಲವು ದಿನ, ಮೂತಿಯಿಂದ ಮದ್ದು ತುಂಬುವ ಕೋವಿಯಲ್ಲಿ ಮಾತ್ರ ಜಿಂಕೆ ಹೊಡೆಯಬಹುದಂತೆ. ಅಂಥ ಕೋವಿಯಲ್ಲಿ ಎರಡು ಬಗೆ. ಒಂದು ಹಳೆಯ ಮಾದರಿ, ಪಕ್ಕದಲ್ಲಿ ಕುದುರೆ ಎಂಬ ಸಣ್ಣ ಸುತ್ತಿಗೆ ಎತ್ತಿ ಕೇಪಿನ ಮೇಲೆ ಹೊಡೆಯುವುದು. ಇನ್ನೊಂದು ಹೊಸದು, ಕಿಡಿ ನೇರವಾಗಿ ಮದ್ದಿನ ಬೆನ್ನಿಗೇ ಹೋಗುವಂತೆ ಮುಚ್ಚಿಟ್ಟದ್ದು, ಮೇಲೆ ದುರ್ಬೀನು ಬೇರೆ. ಗೆಳೆಯ ಅಲ್ಲಿ ಯಾವುದನ್ನು ಸಿದ್ಧಮಾಡಿಡಲಿ ಎಂದು ಕೇಳಿದ್ದ. ಅರ್ಬಾಬ್ ಆಫೀಸಿನಲ್ಲಿ ತಮ್ಮ ಅರಬ್ಬಿ ಕಾಫಿ ಗಹ್ವಾ ಕುಡಿಯುತ್ತ ಅದನ್ನೇ ಹೇಳುತ್ತಿದ್ದಾಗ ನನ್ನ ಗಂಡ ಫೋನ್ ತೆಗೆದು ನಮ್ಮ ಮದುವೆಯ ಚಿತ್ರ ತೋರಿಸಿದ. ಕುಪ್ಯ ಎಂಬ ಕರಿಯ ನಿಲುವಂಗಿ, ಚೇಲೆ ಎಂಬ ಕೆಂಪು ನಡುಪಟ್ಟಿ, ಸೊಂಟದಲ್ಲಿ ಬೆಳ್ಳಿಯ ಪೀಚೆಕತ್ತಿ, ಹೆಗಲ ಮೇಲೆ ನನ್ನ ಅಪ್ಪನ ಕೋವಿ.

"ನಾವು ಕೊಡಗಿನವರು, ಅರ್ಬಾಬ್. ಹುಟ್ಟಿದ ದಿನವೇ ನಮಗೆ ಗುಂಡಿನ ಸದ್ದು ಕೇಳಿಸ್ತಾರೆ," ಎಂದನಂತೆ.

ಅದೇನೋ ಸುಳ್ಳಲ್ಲ. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಎರಡು ಕೇಳಿಸಿದರೆ ಊರವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಿಳಿ ಬಟ್ಟೆ ಉಟ್ಟು ಹೊರಡುತ್ತಾರೆ. ಆದರೆ ಮುತ್ತಣ್ಣ ಬೆಳೆದದ್ದು ಮೈಸೂರಿನಲ್ಲಿ. ಕೋವಿ ಹಾರಿಸಿದ್ದು ಜೀವಮಾನದಲ್ಲಿ ಒಂದೇ ಸಲ, ಮದುವೆಯಾದ ವರ್ಷ ನನ್ನ ತವರಿನ ಕೈಲ್ ಪೊಳ್ದ್ ಹಬ್ಬದಲ್ಲಿ, ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ. ಎರಡೂ ಕಣ್ಣು ಮುಚ್ಚಿ ಹೊಡೆದ. ಕಾಯಿ ಹಾಗೇ ತೂಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ, ನಳಿಗೆಯೇ ಸೊಟ್ಟ ಎಂದ. ವಾರಕ್ಕೊಮ್ಮೆ ಆ ನಳಿಗೆ ಒರೆಸುತ್ತಿದ್ದ ಅಪ್ಪ ಅಳಿಯನಿಗೆ ಇನ್ನೊಂದು ಗ್ಲಾಸು ಸುರಿದ.

"ಮುಂದಿನ ತಿಂಗಳ ಬೇಟೆ ಸಾಮಾನಿನ ಪ್ರದರ್ಶನಕ್ಕೆ ನೀನೇ ಬಂದು ಆರಿಸಿಕೊಡು ಅಂದ್ರು ಅರ್ಬಾಬ್," ಎಂದ ಮುತ್ತಣ್ಣ ಆ ಸಂಜೆ, ಬೂಟು ಬಿಚ್ಚದೆ ಸೋಫಾದಲ್ಲಿ ಕೂತು. "ಎರಡೂ ಕೋವಿ ಕೈಯಲ್ಲಿ ಹಿಡಿದು ನೋಡಬಹುದಂತೆ. ಫ್ಯಾಮಿಲಿ ಕರ್ಕೊಂಡು ಬಾ, ನಿಮ್ಮ ಆ ಡ್ರೆಸ್ ಹಾಕ್ಕೊಂಡು ಬಾ ಅಂದ್ರು."

"ನಿಮಗೆ ಏನು ಗೊತ್ತು ಅಂತ ಹೇಳಿದ್ರಿ?"

"ಎಲ್ಲಾ ಗೊತ್ತು ಅಂತ."

ನನಗೆ ಮೈ ಉರಿದುಹೋಯಿತು. ಆದರೆ ಅರ್ಬಾಬ್ ಮೆಚ್ಚಿದರೆ ಕರಾರು ಮುಂದುವರಿದೀತು ಎಂಬ ಆಸೆ ಅವನ ಮುಖದಲ್ಲಿ ಎಷ್ಟು ಬಯಲಾಗಿತ್ತೆಂದರೆ ಬೈಯಲೂ ಆಗಲಿಲ್ಲ. ಆ ಆಸೆ ನನ್ನದೂ ಆಗಿತ್ತಲ್ಲ.

ಯುದ್ಧಕಾಲೇ ಶಸ್ತ್ರಾಭ್ಯಾಸ ಶುರುವಾಯಿತು. ಊಟದ ಮೇಜಿನ ಪಕ್ಕ ನಾನು ಪೊರಕೆಯ ಹಿಡಿ ಹಿಡಿದು ಕಲಿಸುತ್ತಿದ್ದೆ. ಅಪ್ಪನಿಗೆ ಮದ್ದು ಅಳೆದು ಕೊಡುತ್ತಿದ್ದವಳು ನಾನೇ, ಅಣ್ಣನಿಗೆ ಅದು ಬೇಸರ. ಮದ್ದು ಎಷ್ಟು, ನಾರು ಎಷ್ಟು, ಗಜ ಪುಟಿದು ಕೈಗೆ ಬಂದರೆ ಮಾತ್ರ ಒಳಗೆ ಗಟ್ಟಿ ಕೂತಿದೆ ಎಂದು ಅರ್ಥ. ಮುತ್ತಣ್ಣ ಇಂಟರ್ನೆಟ್ಟಿನಲ್ಲಿ ವಿಡಿಯೋ ನೋಡಿ ಹೊಸ ಕೋವಿಯ ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿದ. ಪೂರ್ವಿ ಕೆಮಿಸ್ಟ್ರಿ ಪುಸ್ತಕದಿಂದ ತಲೆ ಎತ್ತಿ, "ಪಪ್ಪಾ, ಯು ಆರ್ ಹೋಲ್ಡಿಂಗ್ ಇಟ್ ಅಪ್‌ಸೈಡ್ ಡೌನ್," ಎನ್ನುವಳು. ಅವಳಿಗೆ ಇದೆಲ್ಲ ತಮಾಷೆ. ತಾತನ ಬೇಟೆಯ ಕಥೆ ಹೇಳು ಎಂದು ಚಿಕ್ಕಂದಿನಿಂದ ಪೀಡಿಸುತ್ತಿದ್ದವಳು ಅವಳು. ಅಪ್ಪ ಹಂದಿ ಓಡಿಸಿದ ಕಥೆ ಹೇಳುತ್ತಿದ್ದೆ, ಜಿಂಕೆಯದು ಯಾವತ್ತೂ ಹೇಳಿರಲಿಲ್ಲ.

ಪ್ರದರ್ಶನಕ್ಕೆ ಕೆಲವೇ ದಿನ ಮುಂಚೆ ಕೈಲ್ ಪೊಳ್ದ್ ಬಂತು. ಕೋವಿಗೆ ಪೂಜೆ ಮಾಡುವ ಹಬ್ಬ ಅದು. ಅಬುಧಾಬಿಯ ನಾಲ್ಕೈದು ಕೊಡವ ಮನೆಯವರು ನಮ್ಮ ವಿಲ್ಲಾದಲ್ಲಿ ಸೇರಿ, ಮಾಲಿನಿಂದ ತಂದ ಪ್ಲಾಸ್ಟಿಕ್ ಕೋವಿಯನ್ನು ಹಲಗೆಯ ಮೇಲಿಟ್ಟು ಹೂ ಏರಿಸಿ ಕೈ ಮುಗಿದೆವು. ಆ ಕೋವಿಯ ಕುದುರೆ ಎಳೆದರೆ ಕೆಂಪು ದೀಪ ಹೊತ್ತಿ ಪೊಲೀಸ್ ಸೈರನ್ ಕೂಗುತ್ತಿತ್ತು. ಎಲ್ಲರೂ ನಕ್ಕೆವು.

ಪ್ರದರ್ಶನದ ದಿನ ಲವಿನಾ ತನ್ನ ಕಾರಿನಲ್ಲಿ ನಮ್ಮನ್ನು ಬಿಟ್ಟಳು. ಮೆಟ್ಟಿಲಿಳಿದು ಬಂದ ಮುತ್ತಣ್ಣನ ಕುಪ್ಯ ನೋಡಿ, "ಎಂತ ಮಾರಾಯ್ತಿ, ಈ ಸೆಕೆಗೆ ನಿನ್ನ ಗಂಡನನ್ನು ಕರಿ ಬಟ್ಟೆಯಲ್ಲಿ ಬೇಯಿಸ್ತೀಯಾ?" ಎಂದಳು. ಸೆಪ್ಟೆಂಬರಿನ ಬಿಸಿಲು ಮಧ್ಯಾಹ್ನ ದಾಟಿದರೂ ಇಳಿದಿರಲಿಲ್ಲ. ಬಾಗಿಲಲ್ಲಿ ಕಾವಲಿನವನು ಮುತ್ತಣ್ಣನ ಸೊಂಟ ನೋಡಿ ಕೈ ಅಡ್ಡ ಹಿಡಿದ. ಒಳಗೆ ಸಾಲು ಸಾಲು ಕೋವಿ, ಕತ್ತಿ, ಬೇಟೆಯ ಗಿಡುಗ, ಸವಾರಿಯ ಕುದುರೆ. ಹೊರಗಿನಿಂದ ಪೀಚೆಕತ್ತಿ ತರುವಂತಿಲ್ಲ. ಅದನ್ನು ಲವಿನಾ ತನ್ನ ಕಾರಿನಲ್ಲಿ ಇಟ್ಟುಕೊಂಡು ಹೋದಳು. ಬರಿದಾದ ಚೇಲೆ, ತೂಗುವ ಬೆಳ್ಳಿ ಸರಪಳಿ, ಅದರ ತುದಿಯಲ್ಲಿ ಏನೂ ಇಲ್ಲ. ಒಳಗೆ ಹೋದ ಮೇಲೆ ಪ್ರವಾಸಿಗಳು ಅವನನ್ನು ಯಾವುದೋ ಮಳಿಗೆಯ ಬೊಂಬೆ ಎಂದು ತಿಳಿದು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಅವನು ಎಲ್ಲರಿಗೂ ನಗುತ್ತ ನಿಂತ. ನಾನು ಸೀರೆಯ ಸೆರಗು ಸರಿಪಡಿಸುವ ನೆಪದಲ್ಲಿ ನೆಲ ನೋಡಿದೆ.

ಅರ್ಬಾಬ್ ಮಗನೊಂದಿಗೆ ಕೋವಿಯ ಮಳಿಗೆಯ ಮುಂದೆ ಕಾಯುತ್ತಿದ್ದರು. ಮೇಜಿನ ಮೇಲೆ ಎರಡು ಕೋವಿ. ಹೊಸದು ಬೂದು ಬಣ್ಣ, ಹಗುರ. ಹಳೆಯ ಮಾದರಿಯದು ಉದ್ದ ನಳಿಗೆ, ಹಿತ್ತಾಳೆಯ ಕಟ್ಟು, ನುಣುಪಾದ ಮರ. ಮಗನಿಗೆ ಹೊಸದು ಬೇಕಿತ್ತು. ಅರ್ಬಾಬರ ಕೈ ಹಳೆಯದರ ಮೇಲೆಯೇ ಇತ್ತು.

"ನನ್ನ ಅಜ್ಜನ ಹತ್ತಿರ ಇಂಥದೊಂದಿತ್ತು. ನೀನು ಏನು ಹೇಳ್ತೀಯ?" ಎಂದು ಅವರು ಮುತ್ತಣ್ಣನನ್ನು ಕೇಳಿದರು.

ಮುತ್ತಣ್ಣನಿಗೆ ಅವರ ಕೈ ಎಲ್ಲಿದೆ ಎಂದು ಕಾಣುತ್ತಿತ್ತು. "ಇದೇ ಅರ್ಬಾಬ್. ಗಂಡಸಿನ ಕೋವಿ ಇದು."

"ಜಿಂಕೆ ಇದರಲ್ಲಿ ಬೀಳುತ್ತಾ, ಒಂದೇ ಗುಂಡಿಗೆ?"

"ನನ್ನ ಮಾವ ಇಂಥದರಲ್ಲೇ ಎಷ್ಟೋ ಹೊಡೆದಿದ್ದಾರೆ. ಹೊಡೆದ ಮೇಲೆ ಜಿಂಕೆ ಎರಡನೇ ಹೆಜ್ಜೆ ಇಟ್ಟದ್ದಿಲ್ಲ. ಬೇಕಿದ್ರೆ ಇವಳನ್ನೇ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಅಂಗಡಿಯವನು, ಅತಿಥಿಗೆ ಮರ್ಯಾದೆ ಮಾಡುವಂತೆ, ಆ ಕೋವಿಯನ್ನು ಎತ್ತಿ ನನ್ನ ಕೈಗಿತ್ತ. ಹೌದು ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಮುತ್ತಣ್ಣನ ಕಣ್ಣು ಅದನ್ನೇ ಬೇಡುತ್ತಿತ್ತು. ಆದರೆ ಹೊಸ ಎಣ್ಣೆಯ ವಾಸನೆ ಮೂಗಿಗೆ ಬಂತು, ನನ್ನ ಹೆಬ್ಬೆರಳು ತಾನಾಗಿ ಕುದುರೆಯ ಮೇಲೆ ಹೋಗಿ ಕೂತಿತು. ಅಷ್ಟು ವರ್ಷ ನಾನು ಯಾರಿಗೂ ಹೇಳದ ಕಡವೆ ಆ ಬೆಳಕಿನ ಮಂದಿರದಲ್ಲಿ ನನ್ನ ಮುಂದೆ ಬಂದು ನಿಂತಿತು.

"ಜಿಂಕೆಗೆ ಇದು ಬೇಡ," ಎಂದೆ ಹಿಂದಿಯಲ್ಲಿ. "ಹೊಸದನ್ನೇ ತಗೊಳ್ಳಿ."

"ಯಾಕೆ?"

ಹೇಳಿಬಿಟ್ಟೆ. ನಾನು ಶಾಲೆಗೆ ಹೋಗುತ್ತಿದ್ದ ಕಾಲ. ಬೇಟೆ ನಿಷೇಧವಾಗಿ ಎಷ್ಟೋ ವರ್ಷವಾಗಿತ್ತು. ಒಂದು ಮುಸ್ಸಂಜೆ ಮನೆಯ ಹಿಂದಿನ ಗದ್ದೆಗೆ ಹೆಣ್ಣು ಕಡವೆಯೊಂದು ಇಳಿದಿತ್ತು, ದೊಡ್ಡ ಜಾತಿಯ ಜಿಂಕೆ. ಅಪ್ಪ ಕೋವಿ ಎತ್ತಿದ. ತೇವಕ್ಕೆ ಮದ್ದು ಹಸಿಯಾಗಿತ್ತು. ಕೇಪು ಟಪ್ ಎಂದಿತು, ಗುಂಡು ಕೂಡಲೇ ಹಾರಲಿಲ್ಲ. ಕಡವೆ ಆ ಸದ್ದಿಗೆ ತಲೆ ಎತ್ತಿ ತಿರುಗಿತು. ಆಗ ಮದ್ದು ಹೊತ್ತಿ ಗುಂಡು ಹಾರಿತು. ಎದೆಗೆ ಇಟ್ಟ ಗುರಿ ದವಡೆಗೆ ಹೋಯಿತು. ಕಡವೆ ಬೀಳಲಿಲ್ಲ, ಓಡಲೂ ಇಲ್ಲ. ತೋಟದ ಅಂಚಿಗೆ ನಡೆದು ನಿಂತುಕೊಂಡಿತು.

"ಇನ್ನೊಂದು ಹೊಡೀಬಹುದಿತ್ತು," ಎಂದರು ಅರ್ಬಾಬ್.

"ಹೊಡೀಬಹುದಿತ್ತು. ಅಪ್ಪ ಮದ್ದು ತುಂಬಿ ಕೇಪು ಹಾಕಿ ಹಿಡಿದುಕೊಂಡಿದ್ದ. ಒಂದು ಗುಂಡಾದ್ರೆ ಹಂದಿ ಓಡಿಸಿದ್ದು ಅಂತ ಜನ ಸುಮ್ಮನಾಗ್ತಾರೆ. ನಮ್ಮಲ್ಲಿ ಎರಡು ಕೇಳಿದ್ರೆ ಸಾವು ಅಂತ ಅರ್ಥ. ಊರೆಲ್ಲ ಮನೆಗೆ ಬಂದಿರೋದು, ಕಡವೆ ಹೊಡೆದದ್ದು ಗೊತ್ತಾಗೋದು. ಅಪ್ಪ ಆಗ ಊರಿನಲ್ಲಿ ನ್ಯಾಯ ಹೇಳುವವನು. ಅದಕ್ಕೆ ಹೊಡೆಯಲಿಲ್ಲ."

ಕಡವೆ ಎಷ್ಟೋ ದಿನ ಬದುಕಿತ್ತು. ಕೆರೆಗೆ ಬಂದು ನೀರಿಗೆ ಮೂತಿ ಇಡುತ್ತಿತ್ತು, ನೀರು ಮುರಿದ ದವಡೆಯಿಂದ ಹೊರಗೇ ಸುರಿಯುತ್ತಿತ್ತು. ನಾನು ಕೆರೆಯ ದಂಡೆಯಲ್ಲಿ ಅದನ್ನು ನೋಡಿದ್ದೆ. ನಾನು ನೋಡಿದ್ದನ್ನು ಅಪ್ಪ ನೋಡಿದ್ದ. ಕೊನೆಗೆ ನಾಯಿಗಳು ಅದನ್ನು ಪೊದೆಯಲ್ಲಿ ಪತ್ತೆಮಾಡಿದವು. ಅಪ್ಪ ಮತ್ತೆ ಬೇಟೆಗೆ ಹೋಗಲಿಲ್ಲ, ಕೋವಿ ಒರೆಸುವುದನ್ನು ಬಿಡಲೂ ಇಲ್ಲ.

ಪೂರ್ವಿ ನನ್ನ ಪಕ್ಕದಿಂದ ಒಂದು ಹೆಜ್ಜೆ ಆಚೆ ಸರಿದಿದ್ದಳು. ಅರ್ಬಾಬ್ ಮುತ್ತಣ್ಣನ ಕಡೆ ನೋಡಿ, "ಮತ್ತೆ ನೀನು?" ಎಂದರು.

ಮುತ್ತಣ್ಣ ಚೇಲೆಯ ಖಾಲಿ ಸರಪಳಿ ಹಿಡಿದುಕೊಂಡ. "ಮಾಫಿ, ಏನೂ ಇಲ್ಲ ಅರ್ಬಾಬ್. ಒಂದು ತೆಂಗಿನಕಾಯಿಯನ್ನೂ ಹೊಡೆದಿಲ್ಲ."

ಮಗ ನಕ್ಕ. ಅರ್ಬಾಬ್ ನಗಲಿಲ್ಲ. ನನ್ನ ಕೈಯಿಂದ ಕೋವಿ ತೆಗೆದು ಮೇಜಿನ ಮೇಲಿಟ್ಟು, "ಯಲ್ಲಾ, ನಡಿ," ಎಂದು ಮಗನ ತೋಳು ಹಿಡಿದು ಮುಂದಿನ ಸಾಲಿಗೆ ಹೋದರು.

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ. ಆ ದಿನ ಒಂದೇ ಮಾತಿನಲ್ಲಿ ನನ್ನ ಗಂಡನ ಬಣ್ಣವೂ ಹೋಯಿತು, ನನ್ನ ಅಪ್ಪನದೂ ಹೋಯಿತು. ಟ್ಯಾಕ್ಸಿಯಲ್ಲಿ ಮುತ್ತಣ್ಣ ಕುಪ್ಯದ ಕುತ್ತಿಗೆ ಸಡಿಲಿಸಿಕೊಂಡು, "ನಾನು ಸುಳ್ಳು ಹೇಳಿದ್ದು ನಿಜ. ಆದ್ರೆ ಮನೆ ವಿಷಯ ಅಲ್ಲಿ ಆಡಬೇಕಿತ್ತಾ?" ಎಂದ. ಪೂರ್ವಿ ಕಿಟಕಿಯ ಕಡೆ ಮುಖ ಮಾಡಿ, "ತಾತ ರಿಯಲೀ ಡಿಡ್ ದ್ಯಾಟ್?" ಎಂದಳು. ನಾನು ಹೂಂ ಎಂದೆ. ಅದಾದ ಮೇಲೆ ಶುಕ್ರವಾರದ ಫೋನಿನಲ್ಲಿ ಅವಳು ತಾತನಿಗೆ ಹಲೋ ಹೇಳಿ ಫೋನ್ ನನ್ನ ಕೈಗೆ ಕೊಡುತ್ತಿದ್ದಳು. ಮೊಮ್ಮಗಳಿಗೆ ಓದು ಹೆಚ್ಚಾಗಿದೆ ಎಂದು ಅಪ್ಪ ತಿಳಿದುಕೊಂಡ. ನಾನು ಹಾಗೇ ತಿಳಿಯಲು ಬಿಟ್ಟೆ.

ಅಕ್ಟೋಬರಿನಲ್ಲಿ ಮುತ್ತಣ್ಣ ಅರ್ಬಾಬರ ಬಳಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಮಗಳ ಪರೀಕ್ಷೆ ಮಾರ್ಚಿಗೆ, ಅಲ್ಲಿಯವರೆಗೆ ಇಟ್ಟುಕೊಳ್ಳಿ ಎಂದು. ಬಡಾಯಿ ಕೊಚ್ಚದೆ ಅವನು ಅವರೆದುರು ಮಾತಾಡಿದ್ದು ಅದೇ ಮೊದಲು. ಹುಡುಗಿಯ ಪರೀಕ್ಷೆ ಮುಗಿಯುವವರೆಗೆ ಯಾರೂ ನಿನ್ನ ವೀಸಾ ಮುಟ್ಟುವುದಿಲ್ಲ, ಆಮೇಲೆ ಖಲಾಸ್ ಎಂದರಂತೆ. ಮುತ್ತಣ್ಣ ಮನೆಗೆ ಬಂದು ಹೇಳಿದಾಗ ಲವಿನಾ ಕೆಳಗಿನಿಂದ ಕೇಕು ತಂದಳು. ಎಲ್ಲರೂ ತಿಂದರು. ನಾನು ನನ್ನ ತುಂಡನ್ನು ಪೂರ್ವಿಯ ತಟ್ಟೆಗೆ ಹಾಕಿದೆ. ಆ ಸತ್ಯಕ್ಕಾಗಿಯೇ ಅವರು ಕರಗಿದರೋ, ಇಲ್ಲ ಹೇಗೂ ಒಪ್ಪುತ್ತಿದ್ದರೋ ನನಗೆ ಗೊತ್ತಿಲ್ಲ. ಅಪ್ಪನ ಮಾನ ಕೊಟ್ಟು ಮಗಳ ಪರೀಕ್ಷೆ ಕೊಂಡಂತೆ ನನಗನ್ನಿಸಿತು. ಪಡೆದದ್ದನ್ನು ವಾಪಸು ಕೊಡುವ ಮನಸ್ಸೂ ಇರಲಿಲ್ಲ, ಅದು ಇನ್ನೂ ನಾಚಿಕೆ.

ಹೊಸ ವರ್ಷ ಬಂದ ಮೇಲೆ ಒಂದು ಸಂಜೆ ವಿಲ್ಲಾದ ಗೇಟಿನಲ್ಲಿ ದೊಡ್ಡ ಬಿಳಿ ಕಾರು ನಿಂತಿತು. ಅರ್ಬಾಬ್ ಒಬ್ಬರೇ ಬಂದಿದ್ದರು. ಮುತ್ತಣ್ಣ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಒಳಗೆ ಬನ್ನಿ ಎಂದರೂ ಬರಲಿಲ್ಲ. ಖರ್ಜೂರದ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಗೇಟಿನ ಕಂಬಕ್ಕೆ ಕೈ ಊರಿ ನಿಂತರು.

"ನೀನು ಹೇಳಿದ ಹಾಗೆ ಹೊಸದನ್ನೇ ಹಿಡಿದೆ. ಕೋವಿ ಸರಿಯಾಗಿಯೇ ಹಾರಿತು. ಕೈ ಹಳೆಯದು," ಎಂದರು. ಆ ಕೈಯನ್ನೇ ನೋಡಿಕೊಂಡು, "ಹೊಟ್ಟೆಗೆ ಬಿತ್ತು. ಅದು ಮರಗಳ ಒಳಗೆ ಹೋಯಿತು. ಹುಲ್ಲಿನ ಮೇಲೆ ರಕ್ತ ನಾನೊಬ್ಬನೇ ನೋಡಿದೆ. ಮಗ ಕೇಳಿದ, ಏನಾಯಿತು ಅಂತ. ತಪ್ಪಿತು, ಏನೂ ಆಗಿಲ್ಲ ಅಂದೆ. ಅದಕ್ಕೆ ಯಾರೂ ಹುಡುಕಲಿಲ್ಲ," ಎಂದರು.

ನಾನು ಖರ್ಜೂರದ ಡಬ್ಬಿ ಹಿಡಿದು ನಿಂತಿದ್ದೆ. ಹೊಸ ಕೋವಿ ಆರಿಸಿ ಎಂದವಳು ನಾನೇ. ಆ ಸಲಹೆಯಿಂದ ಅಪ್ಪನ ಕಡವೆಗೆ ಏನೋ ಸಲ್ಲಿಸಿದೆ ಎಂದುಕೊಂಡು ಒಳಗೊಳಗೆ ಸಮಾಧಾನ ಮಾಡಿಕೊಂಡಿದ್ದೆ, ಅದೂ ಹೋಯಿತು.

"ನಿನ್ನ ತಂದೆಗೆ ಹೇಳು," ಎಂದರು ಅರ್ಬಾಬ್ ಕಾರಿನ ಬಾಗಿಲು ತೆರೆಯುತ್ತ, "ಅಬುಧಾಬಿಯಲ್ಲೂ ಒಬ್ಬನಿದ್ದಾನೆ ಅಂತ."

ಹೇಳುವುದು ಹೇಗೆ? ಆ ಮಾತು ತಲುಪಿಸಬೇಕಾದರೆ ನಿನ್ನ ಗುಟ್ಟನ್ನು ನಾಲ್ಕು ಜನರೆದುರು ಹೇಳಿದೆ ಎಂದು ಮೊದಲು ಒಪ್ಪಿಕೊಳ್ಳಬೇಕು. ಆ ಚಳಿಗಾಲ ಪೂರ್ತಿ ಪ್ರತಿ ಶುಕ್ರವಾರ ಫೋನ್ ಹಿಡಿದು ಮಳೆ, ಕಾಫಿ ಕೊಯ್ಲು, ಅಣ್ಣನ ಮಕ್ಕಳು ಎಂದು ಸುತ್ತಿ ಸುತ್ತಿ ಇಟ್ಟುಬಿಡುತ್ತಿದ್ದೆ. ಮಾರ್ಚಿನಲ್ಲಿ ಪೂರ್ವಿ ಪರೀಕ್ಷೆ ಬರೆದಳು, ಚೆನ್ನಾಗಿಯೇ ಬರೆದಳು. ಏಪ್ರಿಲಿನಲ್ಲಿ ಸೋಫಾ, ಫ್ರಿಜ್ಜು ಮಾರಿ, ಪೀಚೆಕತ್ತಿಯನ್ನು ಸೂಟ್‌ಕೇಸಿನ ತಳದಲ್ಲಿಟ್ಟು ನಾವು ವಿಮಾನ ಹತ್ತಿದೆವು. ಲವಿನಾ ಅತ್ತಳು, ನಾನೂ ಅತ್ತೆ.

ಊರಿಗೆ ಹೋದ ಮರುದಿನವೇ ಅಪ್ಪ ಜಗಲಿಯಲ್ಲಿ ಕೂತು ಕೋವಿ ಒರೆಸುತ್ತಿದ್ದ. ಅಣ್ಣನ ಮಕ್ಕಳು ಅಂಗಳದಲ್ಲಿ ಗಲಾಟೆ ಮಾಡುತ್ತಿದ್ದರು. ಪೂರ್ವಿ ಮೆಟ್ಟಿಲ ಮೇಲೆ ಕೂತಿದ್ದಳು, ತಾತನಿಂದ ಸ್ವಲ್ಪ ದೂರದಲ್ಲಿ. ಎಣ್ಣೆಯ ವಾಸನೆ ಬಂತು. ಇನ್ನು ತಡಮಾಡಿದರೆ ಜನ್ಮದಲ್ಲಿ ಹೇಳಲಾರೆ ಎನ್ನಿಸಿತು.

"ಅಪ್ಪ, ಅಬುಧಾಬಿಯಲ್ಲಿ ಒಬ್ಬರು ಅರಬರು ನಿನಗೊಂದು ಮಾತು ಹೇಳಿ ಕಳಿಸಿದ್ದಾರೆ. ಅವರು ಹೊಡೆದ ಜಿಂಕೆಯೂ ಬೀಳದೆ ನಡೆದುಹೋಯಿತಂತೆ. ಅಲ್ಲೂ ಒಬ್ಬನಿದ್ದಾನೆ ಅಂತ ಹೇಳು ಅಂದ್ರು."

ಅಪ್ಪನ ಕೈಯ ಬಟ್ಟೆ ನಳಿಗೆಯ ಮೇಲೆ ನಿಂತಿತು. ನಾನು ಯಾರಿಗೆ, ಎಲ್ಲಿ, ಏನು ಹೇಳಿರಬಹುದು ಎಂಬುದೆಲ್ಲ ಅವನಿಗೆ ಆ ಕ್ಷಣದಲ್ಲೇ ತಿಳಿಯಿತು. ಪೂರ್ವಿಯ ಕಡೆ ಒಮ್ಮೆ ನೋಡಿದ. ಅವಳಿಗೂ ಗೊತ್ತು ಎಂಬುದು ತಿಳಿಯಿತು. ಅವನ ಕಿವಿಯ ತುದಿ ಕೆಂಪಾಯಿತು. ಎಂಬತ್ತರ ಹತ್ತಿರದ ಮನುಷ್ಯ ನಾಚಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ನೋಡಬಾರದಿತ್ತು.

ನಮ್ಮ ಮನೆಮಾತು ಕೊಡವ ತಕ್ಕಿನಲ್ಲಿ, ಮೆಲ್ಲಗೆ ಕೇಳಿದ. "ಅವನು ಎರಡನೆಯದು ಹೊಡೆದನಾ?"

"ಇಲ್ಲ. ಮಗ ಪಕ್ಕದಲ್ಲಿದ್ದ."

ಅಪ್ಪ ತಲೆಯಾಡಿಸಿದ. ಮತ್ತೆ ಒರೆಸತೊಡಗಿದ, ಒರೆಸಿದ ಜಾಗವನ್ನೇ.

"ಹೊಡೀಬೇಕಿತ್ತು," ಎಂದ. "ಊರೆಲ್ಲ ಬಿಳಿ ಬಟ್ಟೆ ಉಟ್ಟು ಬಂದರೆ ಬರಲಿ ಅಂತ ಹೊಡೀಬೇಕಿತ್ತು."

ಕೋವಿಯನ್ನು ನನ್ನ ತೊಡೆಯ ಮೇಲಿಟ್ಟು, ಎಣ್ಣೆ ಬಾಟಲಿಯ ಮುಚ್ಚಳ ಎಲ್ಲಿ ಹೋಯಿತೆಂದು ಜಗಲಿಯ ತುಂಬ ಹುಡುಕತೊಡಗಿದ. ಮುಚ್ಚಳ ಅವನ ಕೈಯಲ್ಲೇ ಇತ್ತು.